ಪ್ರಶ್ನೋತ್ತರ ತಾಣಕ್ಕೆ ಸಾಫ್ಟ್‌ವೇರ್ ಆರಿಸುವುದು ಹೇಗೆ: ಹೊರಗೆ ಬರೋ ದಾರಿ ನೋಡಿಕೊಂಡೇ ಒಳಗೆ ಹೋಗಿ

ಗಿಡ ಬೆಳೆಸುವವರ ಒಂದು ಗುಂಪಿಗೆ ನಾನು ಹಿಂದೊಮ್ಮೆ ಪ್ರಶ್ನೋತ್ತರ ತಾಣ ಮಾಡಿಕೊಟ್ಟಿದ್ದೆ. ಸಾಫ್ಟ್‌ವೇರ್ ಆರಿಸಲು ಮೂರು ವಾರ ತಗೊಂಡೆ. ಬಣ್ಣ, ಬ್ಯಾಡ್ಜು, ಪಾಯಿಂಟು ಎಲ್ಲ ಹೋಲಿಸಿ ಹೋಲಿಸಿ ನೋಡಿದೆ. ನೋಡದೇ ಬಿಟ್ಟದ್ದು ಒಂದೇ. ಈ ಸಾಫ್ಟ್‌ವೇರ್ ಬಿಟ್ಟು ಬೇರೆ ಕಡೆ ಹೋಗಬೇಕಾದ ದಿನ ನಮ್ಮ ಪ್ರಶ್ನೆ-ಉತ್ತರಗಳನ್ನೆಲ್ಲ ಕಟ್ಟಿಕೊಂಡು ಹೋಗೋಕೆ ಆಗುತ್ತಾ?

ಎರಡೇ ವರ್ಷದಲ್ಲಿ ಆ ದಿನ ಬಂತು. ಹೋಸ್ಟಿಂಗ್ ಕಡೆಯವರು, ಅಂದರೆ ಸೈಟ್ ಇಡಲು ಜಾಗ ಬಾಡಿಗೆ ಕೊಟ್ಟವರು, ಸರ್ವರ್‌ನಲ್ಲಿ ಪಿಎಚ್‌ಪಿಯ (ನಮ್ಮ ಸಾಫ್ಟ್‌ವೇರ್ ಬರೆದಿದ್ದ ಪ್ರೋಗ್ರಾಮಿಂಗ್ ಭಾಷೆ) ಹೊಸ ಆವೃತ್ತಿ ಹಾಕಿದರು. ನಮ್ಮ ಸಾಫ್ಟ್‌ವೇರ್ ಬರೆದವರು ಅದನ್ನು ಮುಟ್ಟಿ ಬಹಳ ದಿನ ಆಗಿತ್ತು. ಬೆಳಗ್ಗೆ ಸೈಟ್ ತೆರೆದರೆ ಬರೀ ಬಿಳಿ ಪುಟ. ದೋಷದ ಸಂದೇಶವೂ ಇಲ್ಲ. ಆಮೇಲೆ ಒಂದು ತಿಂಗಳು ಹಳೇ ಡೇಟಾಬೇಸ್‌ನಿಂದ ಪ್ರಶ್ನೆಗಳನ್ನು ಕೀಳೋದೇ ನನ್ನ ಕೆಲಸ ಆಯ್ತು.

ಅದಾದ ಮೇಲೆ ಯಾರು ಕೇಳಿದರೂ ನಾನು ಇದನ್ನು ಹಿಂದಿನಿಂದ ಮುಂದಕ್ಕೆ ಯೋಚಿಸಿ ಅಂತಲೇ ಹೇಳುತ್ತೇನೆ. ಕೆಳಗಿನ ಹಂತಗಳು ಆ ಲೆಕ್ಕದಲ್ಲೇ ಇವೆ.

ಹಂತ 1: ಮೊದಲು 20 ಪ್ರಶ್ನೆ ಬರೆಯಿರಿ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸೋದು ಬೇಡ. ಸಾಫ್ಟ್‌ವೇರ್‌ಗಳ ಹೆಸರನ್ನೆಲ್ಲ ಪಕ್ಕಕ್ಕಿಡಿ. ನಿಮ್ಮ ಗುಂಪಿನವರು ನಿಜವಾಗಿ ಕೇಳಿರುವ 20 ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಊಹೆ ಮಾಡಿ ಬರೆದರೆ ಪ್ರಯೋಜನ ಇಲ್ಲ. ಚಾಟ್ ಗುಂಪು, ಮೇಲ್, ಫೋನು, ಎಲ್ಲಿ ಕೇಳಿದ್ದರೋ ಅಲ್ಲಿಂದ ಅವರ ಮಾತಲ್ಲೇ ಎತ್ತಿಕೊಳ್ಳಿ.

ನಮ್ಮ ಹಾಳೆಯಲ್ಲಿದ್ದ ಎರಡು ಪ್ರಶ್ನೆ ನೋಡಿ. ಒಂದು: "ಗುಲಾಬಿಗೆ ಯಾವ ಗೊಬ್ಬರ ಒಳ್ಳೇದು?" ಇನ್ನೊಂದು: "ಕುಂಡದಲ್ಲಿರೋ ಗುಲಾಬಿಯ ಹೊಸ ಎಲೆ ಮಾತ್ರ ಹಳದಿ ಆಗ್ತಿದೆ, ನರ ಹಸಿರಾಗೇ ಇದೆ, ಏನಿದು?"

ಎರಡನೆಯದಕ್ಕೆ ಉತ್ತರ ಇದೆ. ಹೊಸ ಎಲೆ, ಹಸಿರು ನರ, ನಡುವೆ ಹಳದಿ ಅಂದರೆ ಸಾಮಾನ್ಯವಾಗಿ ಕಬ್ಬಿಣದ ಕೊರತೆ. ಅದೇ ಹಳದಿ ಬಣ್ಣ ಹಳೇ ಎಲೆಗಳಿಂದ ಶುರುವಾಗಿದ್ದರೆ ಮೆಗ್ನೀಸಿಯಂ ಕಡೆ ನೋಡಬೇಕು. ಯಾರಾದರೂ ತಪ್ಪು ಹೇಳಿದರೆ ಇನ್ನೊಬ್ಬರು ತಿದ್ದಬಹುದು. ಓಟು ಹಾಕಬಹುದು. ಮುಂದಿನ ವರ್ಷ ಇನ್ಯಾರೋ ಹುಡುಕಿಕೊಂಡು ಬಂದರೂ ಆ ಉತ್ತರ ಕೆಲಸಕ್ಕೆ ಬರುತ್ತದೆ. ಮೊದಲನೆಯದು ಹಾಗಲ್ಲ. ಅದಕ್ಕೆ 15 ಜನ 15 ಗೊಬ್ಬರ ಹೇಳುತ್ತಾರೆ, ಎಲ್ಲರೂ ಸರಿಯೇ. ಅದು ಹರಟೆ. ಹರಟೆ ತಪ್ಪಲ್ಲ, ಆದರೆ ಅದಕ್ಕೆ ಬೇಕಾದ ಸಾಫ್ಟ್‌ವೇರ್ ಬೇರೆ.

ಹಾಳೆಯಲ್ಲಿ ಯಾವ ಥರದ್ದು ಎಷ್ಟಿದೆ ಎಣಿಸಿ. ಎರಡನೇ ಥರದ್ದೇ ಜಾಸ್ತಿ ಇದ್ದರೆ ಅಪ್ಪಟ ಪ್ರಶ್ನೋತ್ತರ ಸಾಫ್ಟ್‌ವೇರ್ ಕಡೆ ಹೋಗಿ. ಮೊದಲನೆಯ ಥರದ್ದೇ ಜಾಸ್ತಿ ಇದ್ದರೆ, ಚರ್ಚೆಗೆ ಅಂತಲೇ ಮಾಡಿರುವ ಸಾಫ್ಟ್‌ವೇರ್‌ಗೆ "ಇದೇ ಉತ್ತರ" ಅಂತ ಗುರುತು ಹಾಕುವ ಸೌಲಭ್ಯ ಇದ್ದರೆ ಸಾಕು.

ಅದೇ ಹಾಳೆಯಲ್ಲಿ ಇನ್ನೂ ಎರಡು ವಿಷಯ ಗೊತ್ತಾಗುತ್ತವೆ. ಪ್ರಶ್ನೆ ಕೇಳಲು ಫೋಟೋ ಬೇಕಾ, ಕೋಡ್ ಬೇಕಾ, ಗಣಿತದ ಸೂತ್ರ ಬೇಕಾ? ಎಲೆ ಹಳದಿ ಆಗಿದೆ ಅನ್ನುವವರಿಗೆ ಫೋಟೋನೇ ಪ್ರಶ್ನೆ. ಆಮೇಲೆ, ಉತ್ತರ ಕೊಟ್ಟವರು ಯಾರು ಅಂತ ನೋಡಿ. 20ಕ್ಕೆ 18 ಉತ್ತರ ಒಬ್ಬರೇ ಕೊಟ್ಟಿದ್ದರೆ ನಿಮಗೆ ತಾಣವೇ ಬೇಡ. ಆ 18 ಉತ್ತರಗಳನ್ನು ಒಂದೇ ಪುಟದಲ್ಲಿ ಹಾಕಿಬಿಡಿ, ಕೆಲಸ ಮುಗಿಯಿತು.

ಹಂತ 2: ಪ್ರಶ್ನೋತ್ತರದ ಅಚ್ಚು ಅರ್ಥ ಮಾಡಿಕೊಳ್ಳಿ

ಈಗ ನಾವು ನೋಡುವ ಪ್ರಶ್ನೋತ್ತರ ತಾಣಗಳ ಅಚ್ಚು ಬಹುಮಟ್ಟಿಗೆ 2008ರಲ್ಲಿ ಶುರುವಾದ, ಪ್ರೋಗ್ರಾಂ ಬರೆಯುವವರ ತಾಣ ಸ್ಟ್ಯಾಕ್ ಓವರ್‌ಫ್ಲೋದಿಂದ ಬಂದದ್ದು. ಒಂದು ಪ್ರಶ್ನೆ, ಕೆಳಗೆ ಉತ್ತರಗಳು, ಉತ್ತರಗಳಿಗೆ ಓಟು, ಜಾಸ್ತಿ ಓಟು ಬಿದ್ದದ್ದು ಮೇಲೆ. ಸಣ್ಣಪುಟ್ಟ ಮಾತಿಗೆ ಉತ್ತರದ ಕೆಳಗೆ ಚಿಕ್ಕ ಅಕ್ಷರದ ಕಾಮೆಂಟ್. ಕೇಳಿದವರು ಒಂದು ಉತ್ತರಕ್ಕೆ ಹಸಿರು ಟಿಕ್ ಹಾಕಬಹುದು. ಚರ್ಚಾ ತಾಣದಲ್ಲಾದರೆ ಮಾತು ಬಂದ ಹೊತ್ತಿನ ಸಾಲಿನಲ್ಲೇ ಇರುತ್ತದೆ. ಸರಿಯಾದ ಉತ್ತರ ಮೂರನೇ ಪುಟದಲ್ಲಿ ಕೂತಿರಬಹುದು.

ಈ ಅಚ್ಚಿನಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಉತ್ತರ ಬೇರೆ, ಕಾಮೆಂಟ್ ಬೇರೆ ಅನ್ನುವ ಗೆರೆ. ಹೊಸಬರು ಬಂದು ಉತ್ತರದ ಜಾಗದಲ್ಲಿ "ನನಗೂ ಹೀಗೇ ಆಗಿದೆ, ಯಾರಾದ್ರೂ ಹೇಳಿ" ಅಂತ ಬರೆದೇ ಬರೆಯುತ್ತಾರೆ. ಅವರನ್ನು ಬೈದು ಪ್ರಯೋಜನ ಇಲ್ಲ. ಮಾಡರೇಟರ್ (ಬರಹಗಳ ಮೇಲೆ ಕಣ್ಣಿಡುವವರು) ಒಂದು ಒತ್ತಿನಲ್ಲಿ ಅದನ್ನು ಕಾಮೆಂಟ್ ಆಗಿ ಬದಲಾಯಿಸಲು ಆಗಬೇಕು. ಹಂತ 4ರಲ್ಲಿ ಬರುವ ಕ್ವೆಶ್ಚನ್2ಆನ್ಸರ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಇದು ಇದೆ. ನೀವು ನೋಡುತ್ತಿರುವ ಸಾಫ್ಟ್‌ವೇರ್‌ನಲ್ಲಿ ಇದೆಯಾ ಅಂತ ಮೊದಲ ದಿನವೇ ನೋಡಿ. ಬ್ಯಾಡ್ಜ್‌ಗಳ ಪಟ್ಟಿ ಆಮೇಲೆ ನೋಡಿದರಾಯ್ತು.

ಹಸಿರು ಟಿಕ್ ಬಗ್ಗೆ ಒಂದು ಮಾತು. ಟಿಕ್ ಹಾಕುವವರು ಪ್ರಶ್ನೆ ಕೇಳಿದವರು. ಅಂದರೆ ಆ ವಿಷಯ ಕಡಿಮೆ ಗೊತ್ತಿರುವವರು. ಅವರಿಗೆ ಮೊದಲು ಕೆಲಸಕ್ಕೆ ಬಂದ ಉತ್ತರಕ್ಕೆ ಟಿಕ್ ಹಾಕಿ ಹೋಗಿರುತ್ತಾರೆ. ಆಮೇಲೆ ಅದಕ್ಕಿಂತ ಒಳ್ಳೇ ಉತ್ತರ ಬಂದರೂ ಟಿಕ್ ಬದಲಾಗಲ್ಲ. ಸ್ಟ್ಯಾಕ್ ಓವರ್‌ಫ್ಲೋ ಕೂಡ 2021ರಲ್ಲಿ, ಟಿಕ್ ಬಿದ್ದ ಉತ್ತರವನ್ನು ಯಾವಾಗಲೂ ಮೇಲೆ ಅಂಟಿಸಿಡುವ ಪದ್ಧತಿ ಕೈಬಿಟ್ಟಿತು. ನಿಮ್ಮ ಸಾಫ್ಟ್‌ವೇರ್‌ನಲ್ಲಿ ಟಿಕ್‌ಗಿಂತ ಓಟು ಮೇಲೆ ಬರುವಂತೆ ಹೊಂದಿಸಲು ಬರುತ್ತಾ ನೋಡಿ.

ಪಾಯಿಂಟ್ ಲೆಕ್ಕ ಸಣ್ಣ ಗುಂಪುಗಳಲ್ಲಿ ಕೆಟ್ಟುಹೋಗುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಒಳ್ಳೇ ಉತ್ತರಕ್ಕೆ ಬೀಳುವ ಒಂದು ಓಟಿಗೆ 10 ಪಾಯಿಂಟ್. ಬೇರೆಯವರ ಬರಹವನ್ನು ನೇರವಾಗಿ ತಿದ್ದಲು 2000 ಬೇಕು, ಪ್ರಶ್ನೆ ಮುಚ್ಚಲು ಓಟು ಹಾಕಬೇಕಾದರೆ 3000. ಲಕ್ಷಗಟ್ಟಲೆ ಜನ ಇರುವ ಕಡೆ ಇದು ಸರಿ. 40 ಜನ ಇರುವ ಕಡೆ ವರ್ಷ ಕಳೆದರೂ ಯಾರೂ 2000 ಮುಟ್ಟಲ್ಲ. ಕೊನೆಗೆ ತಿದ್ದುವ ಕೆಲಸವೆಲ್ಲ ನಿಮ್ಮೊಬ್ಬರ ತಲೆ ಮೇಲೆ. ಹಾಗಾಗಿ ಈ ಅಂಕಿಗಳನ್ನು ಅಡ್ಮಿನ್ ಪುಟದಲ್ಲೇ ಇಳಿಸಲು ಬರಬೇಕು. ಕೋಡ್ ತಿದ್ದಿದರೆ ಮಾತ್ರ ಬದಲಾಗುತ್ತದೆ ಅನ್ನುವ ಸಾಫ್ಟ್‌ವೇರ್ ಸಣ್ಣ ಗುಂಪಿಗೆ ಬೇಡ.

ಹಂತ 3: ಭಾನುವಾರ ರಾತ್ರಿ ಎದ್ದು ನೋಡುವವರು ಯಾರು?

ಸರ್ವರ್ ಕೆಟ್ಟರೆ ಯಾರು ನೋಡುತ್ತಾರೆ ಅನ್ನುವ ಪ್ರಶ್ನೆಗೆ ಒಬ್ಬರ ಹೆಸರು ಬರಬೇಕು. "ನಾವೆಲ್ಲ ಇದ್ದೀವಲ್ಲ" ಅಂದರೆ ಯಾರೂ ಇಲ್ಲ ಅಂತಲೇ ಅರ್ಥ.

ಲಿನಕ್ಸ್ ಕಮಾಂಡ್ ಬರೆದು ಅಭ್ಯಾಸ ಇರುವವರು ಗುಂಪಿನಲ್ಲಿ ಇದ್ದರೆ ಒಂದು ವರ್ಚುವಲ್ ಸರ್ವರ್ (ಪೂರ್ತಿ ನಿಮ್ಮ ಕೈಗೇ ಬಿಡುವ ಬಾಡಿಗೆ ಸರ್ವರ್) ತಗೊಂಡು ನಿಮ್ಮದೇ ಮಾಡಿಕೊಳ್ಳಬಹುದು. ಫೈಲ್ ಅಪ್‌ಲೋಡ್ ಮಾಡಿ ಡೇಟಾಬೇಸ್ ಸೃಷ್ಟಿಸುವಷ್ಟು ಮಾತ್ರ ಗೊತ್ತಿದ್ದರೆ ಶೇರ್ಡ್ ಹೋಸ್ಟಿಂಗ್‌ನಲ್ಲಿ (ಒಂದೇ ಸರ್ವರನ್ನು ಹಲವು ಸೈಟ್‌ಗಳು ಹಂಚಿಕೊಳ್ಳುವುದು) ಓಡುವ ಸಾಫ್ಟ್‌ವೇರ್ ನೋಡಿ. ಎರಡೂ ಇಲ್ಲ ಅಂದರೆ ತಿಂಗಳ ಬಾಡಿಗೆ ಕೊಟ್ಟು ಬೇರೆಯವರ ಕೈಲಿ ನಡೆಸುವುದೇ ವಾಸಿ. ಓಪನ್ ಸೋರ್ಸ್, ಅಂದರೆ ಕೋಡ್ ಎಲ್ಲರಿಗೂ ತೆರೆದಿರುವ ಸಾಫ್ಟ್‌ವೇರ್, ಪುಕ್ಕಟೆ ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ದುಡ್ಡಿನ ಬದಲು ನಿಮ್ಮ ರಾತ್ರಿಗಳನ್ನು ಕೊಡುತ್ತೀರಿ, ಅಷ್ಟೇ ವ್ಯತ್ಯಾಸ.

ಹಂತ 4: ಕಣದಲ್ಲಿ ಯಾರ್ಯಾರು ಇದ್ದಾರೆ

ಎಲ್ಲರೂ ಮೊದಲು ಕೇಳುವುದು "ಸ್ಟ್ಯಾಕ್ ಓವರ್‌ಫ್ಲೋ ಸಾಫ್ಟ್‌ವೇರೇ ಹಾಕಿಕೊಳ್ಳಬಹುದಾ?" ಅಂತ. ಆಗಲ್ಲ. ಅದು ಓಪನ್ ಸೋರ್ಸ್ ಅಲ್ಲ. ಅವರ ಸ್ಟ್ಯಾಕ್ ಎಕ್ಸ್‌ಚೇಂಜ್ ಜಾಲದಲ್ಲಿ ನಿಮ್ಮ ವಿಷಯಕ್ಕೆ ಈಗಾಗಲೇ ತಾಣ ಇದ್ದು, ಗುಂಪಿಗೆ ಇಂಗ್ಲಿಷ್‌ನಲ್ಲಿ ಬರೆಯುವುದು ಸರಾಗ ಅನ್ನಿಸಿದರೆ, ಅಲ್ಲಿಗೇ ಸೇರಿಕೊಳ್ಳುವುದು ಬುದ್ಧಿವಂತಿಕೆ. ನಿಮಗಾಗಿ ಹೊಸದೊಂದನ್ನು ತೆರೆಯುವ ನಿರ್ಧಾರ ಮಾತ್ರ ಅವರದ್ದು.

ಕ್ವೆಶ್ಚನ್2ಆನ್ಸರ್ ಪಿಎಚ್‌ಪಿ ಮತ್ತು ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿ ಓಡುತ್ತದೆ. 2010ರಿಂದ ಇದೆ. ಶೇರ್ಡ್ ಹೋಸ್ಟಿಂಗ್ ಸಾಕು, ಹತ್ತು ನಿಮಿಷದಲ್ಲಿ ಎದ್ದು ನಿಲ್ಲುತ್ತದೆ. ವರ್ಡ್‌ಪ್ರೆಸ್ ಸೈಟ್ ಇದ್ದರೆ ಅದರ ಲಾಗಿನ್ ಇದಕ್ಕೂ ನಡೆಯುವಂತೆ ಮಾಡಬಹುದು. ಗುಂಡಿಗಳ ಹೆಸರೆಲ್ಲ ಮಾಮೂಲಿ ಪಠ್ಯ ಫೈಲ್‌ಗಳಲ್ಲಿ ಇರುತ್ತವೆ. ನಿಮ್ಮ ಭಾಷೆಗೆ ಬದಲಾಯಿಸಿ ಒಂದು ಫೋಲ್ಡರ್‌ನಲ್ಲಿ ಇಟ್ಟರೆ ಆಯ್ತು. ನೋಡಲು ಹಳೇ ಕಾಲದ್ದು, ಹೊಸ ಆವೃತ್ತಿ ನಿಧಾನಕ್ಕೆ ಬರುತ್ತದೆ. ಆದರೂ ಅಪ್ಪಟ ಪ್ರಶ್ನೋತ್ತರ ಬೇಕು, ಸರ್ವರ್ ಜ್ಞಾನ ಕಡಿಮೆ ಅನ್ನುವವರಿಗೆ ನಾನು ಮೊದಲು ತೋರಿಸುವುದು ಇದನ್ನೇ.

ಅಪಾಚೆ ಆನ್ಸರ್ ಹೊಸ ಹುಡುಗ. 2022ರಲ್ಲಿ ಹೊರಬಂತು, 2023ರಲ್ಲಿ ಅಪಾಚೆ ಪ್ರತಿಷ್ಠಾನದವರು ಹೊಸ ಯೋಜನೆಗಳನ್ನು ಬೆಳೆಸುವ ಇನ್‌ಕ್ಯುಬೇಟರ್ ಸೇರಿತು. ಗೋ ಭಾಷೆಯಲ್ಲಿ ಬರೆದದ್ದು, ಸಣ್ಣ ಸರ್ವರ್‌ನಲ್ಲೂ ಹಗುರವಾಗಿ ಓಡುತ್ತದೆ. ಡೇಟಾಬೇಸ್ ಎಸ್‌ಕ್ಯೂಲೈಟ್ ಇರಬಹುದು, ಮೈಎಸ್‌ಕ್ಯೂಎಲ್ ಅಥವಾ ಪೋಸ್ಟ್‌ಗ್ರೆಸ್ ಇರಬಹುದು. ಡಾಕರ್ (ಸಾಫ್ಟ್‌ವೇರನ್ನು ಬೇಕಾದ್ದೆಲ್ಲದರ ಸಮೇತ ಒಂದು ಡಬ್ಬಿಯಲ್ಲಿ ಕಟ್ಟಿ ಓಡಿಸುವ ಸಾಧನ) ಗೊತ್ತಿದ್ದರೆ ಅನುಸ್ಥಾಪನೆ ಸಲೀಸು. ಒಂದು ಎಡವಟ್ಟು ಇದೆ. ಪ್ಲಗಿನ್ (ಹೆಚ್ಚಿನ ಸೌಲಭ್ಯ ಕೊಡುವ ತುಣುಕು) ಸೇರಿಸಬೇಕಾದರೆ ಅಡ್ಮಿನ್ ಪುಟದಲ್ಲಿ ಒಂದು ಗುಂಡಿ ಒತ್ತಿದರೆ ಆಗಲ್ಲ. ಪ್ಲಗಿನ್ ಸೇರಿಸಿಕೊಂಡು ಇಡೀ ಸಾಫ್ಟ್‌ವೇರನ್ನು ಕೋಡ್‌ನಿಂದ ಹೊಸದಾಗಿ ಕಟ್ಟಬೇಕು (ಬಿಲ್ಡ್ ಮಾಡಬೇಕು). ಡೆವಲಪರ್ ಒಬ್ಬರು ಜೊತೆಯಲ್ಲಿದ್ದರೆ ಇದೇನೂ ದೊಡ್ಡದಲ್ಲ.

ಡಿಸ್ಕೋರ್ಸ್ ಹುಟ್ಟಿನಿಂದ ಚರ್ಚೆಯ ಸಾಫ್ಟ್‌ವೇರ್. 2013ರಲ್ಲಿ ಇದನ್ನು ಶುರು ಮಾಡಿದವರಲ್ಲಿ ಒಬ್ಬರು ಜೆಫ್ ಅಟ್‌ವುಡ್, ಸ್ಟ್ಯಾಕ್ ಓವರ್‌ಫ್ಲೋ ಕಟ್ಟಿದ ಇಬ್ಬರಲ್ಲಿ ಒಬ್ಬರು. ಸಾಲ್ವ್ಡ್ ಅನ್ನುವ ಪ್ಲಗಿನ್ ಹಾಕಿದರೆ ಉತ್ತರಕ್ಕೆ ಟಿಕ್ ಹಾಕಬಹುದು. ಪೋಸ್ಟ್ ವೋಟಿಂಗ್ ಹಾಕಿದರೆ ಉತ್ತರಗಳಿಗೆ ಓಟೂ ಬರುತ್ತದೆ. ಮೊಬೈಲ್‌ನಲ್ಲಿ ಚೆನ್ನಾಗಿದೆ, ಸ್ಪ್ಯಾಮ್ ತಡೆಯುವುದರಲ್ಲಿ ಗಟ್ಟಿ. ಆದರೆ ಹೊಟ್ಟೆ ದೊಡ್ಡದು. ಕನಿಷ್ಠ 1 ಜಿಬಿ ರ‍್ಯಾಮ್ ಕೇಳುತ್ತದೆ, 2 ಜಿಬಿ ಇದ್ದರೆ ನೆಮ್ಮದಿ. ಅಧಿಕೃತವಾಗಿ ಡಾಕರ್ ಮೂಲಕವೇ ಹಾಕಬೇಕು, ಶೇರ್ಡ್ ಹೋಸ್ಟಿಂಗ್‌ನಲ್ಲಿ ಕೂರಲ್ಲ. ಬಾಡಿಗೆಗೂ ಸಿಗುತ್ತದೆ. ಹರಟೆ ಮತ್ತು ಪ್ರಶ್ನೆ ಅರ್ಧರ್ಧ ಇರುವ ಗುಂಪಿಗೆ ಇದಕ್ಕಿಂತ ಒಳ್ಳೇದು ನನಗೆ ಕಂಡಿಲ್ಲ.

ಉಳಿದವು ಬೇಗ ಹೇಳಿಬಿಡುತ್ತೇನೆ. ಕೋಡಿಡ್ಯಾಕ್ಟ್ ಗುಂಪಿನವರ ಕ್ಯೂಪಿಕ್ಸೆಲ್ ರೂಬಿ ಆನ್ ರೇಲ್ಸ್‌ನಲ್ಲಿದೆ. ಅದರ ಲೈಸೆನ್ಸ್ ಎಜಿಪಿಎಲ್, ಅಂದರೆ ಕೋಡ್ ತಿದ್ದಿ ಸೈಟ್ ನಡೆಸಿದರೆ ತಿದ್ದಿದ ಕೋಡನ್ನು ಬಳಸುವವರಿಗೆ ಕೊಡಬೇಕು. ಸ್ಕೂಲ್ಡ್ ಜಾವಾದ್ದು, ಹಿಂಬದಿಯಲ್ಲಿ ಪಾರಾ ಅನ್ನುವ ಇನ್ನೊಂದು ಸರ್ವರ್ ಬೇಕು. ಕಂಪನಿ ಒಳಗಿನ ಬಳಕೆಗೆ ಚೆನ್ನಾಗಿ ಹೊಂದುತ್ತದೆ. ಆಸ್ಕ್‌ಬಾಟ್ ಪೈಥಾನ್‌ನ ಜಾಂಗೋದಲ್ಲಿದೆ. ಅದರ ಕಥೆ ಮುಂದೆ ಬರುತ್ತದೆ. ಓಎಸ್‌ಕ್ಯೂಎ ಹೆಸರು ಹಳೇ ಪಟ್ಟಿಗಳಲ್ಲಿ ಈಗಲೂ ಸಿಗುತ್ತದೆ, ಮುಟ್ಟಬೇಡಿ, ಅದನ್ನು ಕೈಬಿಟ್ಟು ಎಷ್ಟೋ ವರ್ಷ ಆಯ್ತು. ವರ್ಡ್‌ಪ್ರೆಸ್ ಪ್ಲಗಿನ್‌ಗಳೂ ಇವೆ. ಇರುವ ಸೈಟಿಗೆ ಒಂದು ಮೂಲೆಯಲ್ಲಿ ಪ್ರಶ್ನೆ ವಿಭಾಗ ಸಾಕು ಅಂದರೆ ನಡೆಯುತ್ತದೆ. ಇಡೀ ತಾಣವನ್ನೇ ಅದರ ಮೇಲೆ ನಿಲ್ಲಿಸಲು ನನಗಂತೂ ಧೈರ್ಯ ಸಾಲದು.

ಹಂತ 5: ನಾಡಿ ಹಿಡಿದು ನೋಡಿ

ಎರಡು ಹೆಸರಿಗೆ ಇಳಿಸಿಕೊಂಡಿರಾ? ಈಗ ಅವುಗಳ ಕೋಡ್ ಇರುವ ಪುಟಕ್ಕೆ ಹೋಗಿ. ಕೋಡ್ ಓದಲು ಬರಬೇಕಿಲ್ಲ. ಕೊನೆಯ ಬದಲಾವಣೆ ಯಾವಾಗ ಆಗಿದೆ? ಕೊನೆಯ ಬಿಡುಗಡೆ ಯಾವಾಗ? ಬದಲಾವಣೆ ಮಾಡಿರುವವರು ಒಬ್ಬರೇನಾ, ನಾಲ್ಕು ಜನ ಇದ್ದಾರಾ? ಆಮೇಲೆ ದೂರುಗಳ ಪಟ್ಟಿ ತೆರೆದು "ಸೆಕ್ಯುರಿಟಿ" ಅಂತ ಹುಡುಕಿ. ಭದ್ರತೆಯ ತೂತು ಹೇಳಿದವರಿಗೆ ಎಷ್ಟು ದಿನದಲ್ಲಿ ಉತ್ತರ ಸಿಕ್ಕಿದೆ ನೋಡಿ. ಬಿಡುಗಡೆ ನಿಧಾನ ಇದ್ದರೂ ಪರವಾಗಿಲ್ಲ. ತೂತು ಹೇಳಿದ ಮೇಲೂ ಆರು ತಿಂಗಳು ಯಾರೂ ಮಾತಾಡಿಲ್ಲ ಅಂದರೆ ಆ ಮನೆ ಖಾಲಿ.

ನನ್ನ ಬಿಳಿ ಪುಟದ ಕಥೆ ಈ ಹತ್ತು ನಿಮಿಷದ ಕೆಲಸದಲ್ಲಿ ತಪ್ಪುತ್ತಿತ್ತು. ನಾನು ಆಗ ಥೀಮ್‌ನ ಬಣ್ಣ ನೋಡುತ್ತಿದ್ದೆ.

ಹಂತ 6: ಎರಡು ವಾರ, ಐದು ಜನ

ಎರಡೂ ಸಾಫ್ಟ್‌ವೇರ್ ಹಾಕಿ. ಹಂತ 1ರ 20 ಪ್ರಶ್ನೆಗಳನ್ನು ಎರಡರಲ್ಲೂ ತುಂಬಿ. ಐದು ಜನರನ್ನು ಕರೆಯಿರಿ, ಅವರಲ್ಲಿ ಇಬ್ಬರಾದರೂ ಕಂಪ್ಯೂಟರ್ ಅಂದರೆ ಹಿಂಜರಿಯುವವರು ಇರಲಿ. ಏನೂ ಹೇಳಿಕೊಡಬೇಡಿ. ಎಲ್ಲಿ ನಿಂತುಬಿಡುತ್ತಾರೆ ಅಂತ ಪಕ್ಕದಲ್ಲಿ ಕೂತು ನೋಡಿ. ಅದರ ಜೊತೆಗೆ ನೀವು ಮಾಡಬೇಕಾದ ಪರೀಕ್ಷೆಗಳಿವೆ.

ಮೊದಲು ಲಿಪಿ. ಈ ಸಾಫ್ಟ್‌ವೇರ್‌ಗಳೆಲ್ಲ ಇಂಗ್ಲಿಷನ್ನು ಮನಸ್ಸಲ್ಲಿಟ್ಟು ಮಾಡಿದವು. ಕನ್ನಡದಲ್ಲಿ ಪ್ರಶ್ನೆ ಕೇಳಿ ಅದರ ವೆಬ್ ವಿಳಾಸ ಹೇಗೆ ಬರುತ್ತದೆ ನೋಡಿ. ವಿಳಾಸದಲ್ಲಿ ಕನ್ನಡದ ಒಂದೊಂದು ಚಿಹ್ನೆಯೂ ಮೂರು ಬೈಟ್ ಆಗುತ್ತದೆ, ಒಂದೊಂದು ಬೈಟೂ ಶೇಕಡಾ ಗುರುತಿನ ಜೊತೆ ಮೂರು ಅಕ್ಷರ. "ಗಿಡ" ಅನ್ನುವ ಪುಟ್ಟ ಪದದಲ್ಲಿ ಗ, ಗುಡಿಸು, ಡ ಅಂತ ಮೂರು ಚಿಹ್ನೆ. ಲಿಂಕ್ ಕಾಪಿ ಮಾಡಿ ಚಾಟ್‌ನಲ್ಲಿ ಹಾಕಿದರೆ ಅದೊಂದೇ ಪದ 27 ಅಕ್ಷರ ಆಗಿ ಬೀಳಬಹುದು. ಇಡೀ ಶೀರ್ಷಿಕೆ ಎಷ್ಟಾಗುತ್ತದೆ ಊಹಿಸಿ. ಡಿಸ್ಕೋರ್ಸ್‌ನಲ್ಲಿ ಇದಕ್ಕೆ ಒಂದು ಆಯ್ಕೆ ಇದೆ. ಶೀರ್ಷಿಕೆಯನ್ನು ವಿಳಾಸದಲ್ಲಿ ಹಾಗೇ ಇಡಬಹುದು, ಇಲ್ಲವೇ ಪೂರ್ತಿ ತೆಗೆದು ಬರೀ ಸಂಖ್ಯೆ ಇಡಬಹುದು. ನಾನಾದರೆ ಬರೀ ಸಂಖ್ಯೆ ಇಡುತ್ತೇನೆ. ಚಿಕ್ಕದಾಗಿರುತ್ತದೆ, ಮುರಿಯಲ್ಲ.

ಆಮೇಲೆ ಪ್ರಶ್ನೆಯ ಮಧ್ಯದಲ್ಲಿ ಒಂದು ಇಮೋಜಿ ಹಾಕಿ ಉಳಿಸಿ. ಇದು ಸುಮ್ನೆ ತಮಾಷೆಗಲ್ಲ. ಮೈಎಸ್‌ಕ್ಯೂಎಲ್‌ನಲ್ಲಿ ಯುಟಿಎಫ್8 ಅಂತ ಹಳೇ ಹೆಸರಿನಲ್ಲಿ ಕರೆಯುವ ಅಕ್ಷರ ಸಂಕೇತ ಒಂದು ಚಿಹ್ನೆಗೆ 3 ಬೈಟ್ ಮಾತ್ರ ಜಾಗ ಕೊಡುತ್ತದೆ. ಕನ್ನಡ 3 ಬೈಟ್‌ನಲ್ಲಿ ಹಿಡಿಯುತ್ತದೆ. ಇಮೋಜಿಗೆ 4 ಬೇಕು. ಡೇಟಾಬೇಸ್ ಹಳೇ ರೀತಿಯಲ್ಲಿ ಹೊಂದಿಸಿದ್ದರೆ ಒಂದೋ ಉಳಿಸುವಾಗ ದೋಷ ಬರುತ್ತದೆ, ಇಲ್ಲವೇ ಇಮೋಜಿಯಿಂದ ಮುಂದಿನ ಸಾಲೆಲ್ಲ ಸದ್ದಿಲ್ಲದೆ ಮಾಯ. ಯುಟಿಎಫ್8ಎಂಬಿ4 ಅಂತ ಹೊಂದಿಸಿದರೆ ಈ ತೊಂದರೆ ಇರಲ್ಲ.

ಮೂರನೆಯದು ಹುಡುಕಾಟ. ನನ್ನ ಪ್ರಕಾರ ಇದೇ ದೊಡ್ಡ ಪರೀಕ್ಷೆ, ಯಾಕಂದರೆ ಹುಡುಕಿದರೆ ಸಿಗದ ಉತ್ತರ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. "ಗುಲಾಬಿಗೆ", "ಗುಲಾಬಿಯ", "ಗುಲಾಬಿಯಲ್ಲಿ" ಅಂತ ಮೂರು ಪ್ರಶ್ನೆ ಹಾಕಿ. ಹುಡುಕುವ ಡಬ್ಬಿಯಲ್ಲಿ ಬರೀ "ಗುಲಾಬಿ" ಅಂತ ಹೊಡೆಯಿರಿ. ಮೂರೂ ಸಿಕ್ಕರೆ ಒಳ್ಳೇದು. ಒಂದೂ ಸಿಗದಿದ್ದರೆ ಆ ಸಾಫ್ಟ್‌ವೇರ್ ಪದಗಳನ್ನು ಇಡಿಯಾಗಿ ಹೋಲಿಸುತ್ತಿದೆ, ವಿಭಕ್ತಿ ಪ್ರತ್ಯಯ ಅಂದರೆ ಅದಕ್ಕೆ ಗೊತ್ತಿಲ್ಲ ಅಂತ ಅರ್ಥ. ಹಾಗಿದ್ದರೂ ಬಿಡಬೇಕಿಲ್ಲ. ಟ್ಯಾಗ್ ಹಾಕುವುದನ್ನು ಕಡ್ಡಾಯ ಮಾಡಿ, ಟ್ಯಾಗ್‌ಗಳು ಪ್ರತ್ಯಯ ಇಲ್ಲದ ಬರೀ ಪದಗಳೇ ಇರಲಿ. ಅರ್ಧ ಕಷ್ಟ ಅಲ್ಲೇ ಕಳೆಯುತ್ತದೆ.

ಮೇಲ್ ಪರೀಕ್ಷೆಯನ್ನು ಎಲ್ಲರೂ ಮರೆಯುತ್ತಾರೆ. ಉತ್ತರ ಬಂದಿದೆ ಅಂತ ಮೇಲ್ ಹೋಗದಿದ್ದರೆ ಕೇಳಿದವರು ವಾಪಸ್ ಬರಲ್ಲ. ತಾಣ ಸಾಯುವುದು ಹೀಗೇ. ಸುಮಾರು ಕ್ಲೌಡ್ ಕಂಪನಿಗಳು ಮೇಲ್ ಹೊರಗೆ ಹೋಗುವ 25ನೇ ಪೋರ್ಟನ್ನು (ಸರ್ವರ್‌ನ ಒಂದು ಬಾಗಿಲು ಅಂದುಕೊಳ್ಳಿ) ಮೊದಲೇ ಮುಚ್ಚಿರುತ್ತವೆ. ಮೇಲ್ ಕಳಿಸಲು ಬೇರೆ ಸೇವೆ ಇಟ್ಟುಕೊಂಡು 587ನೇ ಪೋರ್ಟ್‌ನಲ್ಲಿ ಜೋಡಿಸಿ. ಡೊಮೇನ್‌ಗೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ (ಮೇಲ್ ನಿಜವಾಗಿ ನಿಮ್ಮದೇ ಅಂತ ತೋರಿಸುವಂಥವು) ಮೂರೂ ದಾಖಲೆ ಹಾಕಿ. ಆಮೇಲೆ ಮೂರು ಬೇರೆ ಬೇರೆ ಮೇಲ್ ಸೇವೆಗಳ ವಿಳಾಸದಿಂದ ಖಾತೆ ತೆರೆದು, ಇನ್‌ಬಾಕ್ಸ್‌ಗೆ ಬಂತಾ ಸ್ಪ್ಯಾಮ್‌ಗೆ ಬಂತಾ ನೋಡಿ. ಡಿಸ್ಕೋರ್ಸ್‌ನಲ್ಲಂತೂ ಮೇಲ್ ಸರಿ ಇಲ್ಲದಿದ್ದರೆ ಮೊದಲ ಅಡ್ಮಿನ್ ಖಾತೆಯೇ ತೆರೆದುಕೊಳ್ಳದೆ ಕೂರಬೇಕಾಗಬಹುದು.

ಕೊನೆಗೆ ಸ್ಪ್ಯಾಮ್. ನಮ್ಮ ತಾಣ ತೆರೆದ ಎರಡನೇ ವಾರ ಬೆಳಗ್ಗೆ ನೋಡಿದರೆ ಮೊದಲ ಪುಟದಲ್ಲಿ ನಮ್ಮವರ ಪ್ರಶ್ನೆ ಒಂದೇ ಒಂದು, ಉಳಿದದ್ದೆಲ್ಲ ಮಾತ್ರೆ ಮತ್ತು ಜೂಜಿನ ಲಿಂಕು. ಕ್ಯಾಪ್ಚಾ ಹಾಕಿದ್ದೆ, ಸಾಲಲಿಲ್ಲ. ಕೆಲಸಕ್ಕೆ ಬಂದದ್ದು ಎರಡು. ಹೊಸ ಖಾತೆಯ ಮೊದಲ ಬರಹ ಮಾಡರೇಟರ್ ಒಪ್ಪಿದ ಮೇಲೇ ಕಾಣಬೇಕು. ಹೊಸಬರು ಲಿಂಕ್ ಹಾಕುವುದಕ್ಕೆ ಮಿತಿ ಇರಬೇಕು. ಡಿಸ್ಕೋರ್ಸ್‌ನಲ್ಲಿ ಇದು ನಂಬಿಕೆಯ ಮಟ್ಟ ಅಂತ 0ಯಿಂದ 4ರವರೆಗೆ ಇದೆ, ಓದಿ-ಬರೆದು ದಿನ ಕಳೆದಂತೆ 3ರವರೆಗೆ ತಾನೇ ಮೇಲೇರುತ್ತದೆ, 4 ಮಾತ್ರ ನಾವೇ ಕೈಯಾರೆ ಕೊಡಬೇಕು. ಕ್ವೆಶ್ಚನ್2ಆನ್ಸರ್‌ನಲ್ಲಿ ಅಡ್ಮಿನ್ ಪುಟದಲ್ಲಿ ಹೊಂದಿಸಿಕೊಳ್ಳಬೇಕು. ಜನ ಹಾಕುವ ಲಿಂಕ್‌ಗಳಿಗೆ ನೋಫಾಲೋ ಅಥವಾ ಯುಜಿಸಿ (ಬಳಕೆದಾರರು ಹಾಕಿದ್ದು ಅಂತ) ಗುರುತು ಬೀಳುತ್ತಾ ಅಂತಲೂ ನೋಡಿ. ಆ ಗುರುತು ಇದ್ದರೆ ಸರ್ಚ್ ಎಂಜಿನ್‌ನಲ್ಲಿ ಮೇಲೇರಲು ನಿಮ್ಮ ತಾಣ ಸ್ಪ್ಯಾಮ್ ಮಾಡುವವರಿಗೆ ಉಪಯೋಗಕ್ಕೆ ಬರಲ್ಲ.

ಎಐ ಬರೆದ ಉತ್ತರಗಳ ಬಗ್ಗೆ ಸಾಫ್ಟ್‌ವೇರ್ ಏನೂ ಮಾಡಲ್ಲ, ನಿಯಮ ನೀವೇ ಬರೆಯಬೇಕು. ಚಾಟ್‌ಜಿಪಿಟಿ ಬಂದ ಕೆಲವೇ ದಿನಕ್ಕೆ, 2022ರ ಡಿಸೆಂಬರ್‌ನಲ್ಲಿ, ಸ್ಟ್ಯಾಕ್ ಓವರ್‌ಫ್ಲೋ ಅಂಥ ಉತ್ತರಗಳನ್ನು ನಿಷೇಧಿಸಿತು. ನೋಡಲು ಸರಿಯಾಗಿ ಕಾಣುವ ತಪ್ಪು ಉತ್ತರಗಳು ಅಷ್ಟು ವೇಗವಾಗಿ ಬರುತ್ತಿದ್ದವು.

ಹಂತ 7: ಹೊರಗೆ ಬರುವ ದಾರಿ

ಇಷ್ಟೂ ಹಂತಗಳಲ್ಲಿ ಒಂದಕ್ಕೆ ಮಾತ್ರ ಸಮಯ ಇದೆ ಅಂದರೆ ಇದನ್ನು ಮಾಡಿ.

2009ರಲ್ಲಿ ಸ್ಟ್ಯಾಕ್ ಓವರ್‌ಫ್ಲೋದವರು ತಮ್ಮ ಸಾಫ್ಟ್‌ವೇರನ್ನು ಬಾಡಿಗೆಗೆ ಕೊಡಲು ಶುರು ಮಾಡಿದರು. ಗಣಿತದವರ ಮ್ಯಾಥ್‌ಓವರ್‌ಫ್ಲೋ, ಜೀವಮಾಹಿತಿ ವಿಜ್ಞಾನದವರ ಬಯೋಸ್ಟಾರ್ ಎರಡೂ ಅದರ ಮೇಲೆ ಹುಟ್ಟಿದವು. 2010ರಲ್ಲಿ ಆ ಬಾಡಿಗೆ ಸೇವೆ ನಿಲ್ಲಿಸುವ ತೀರ್ಮಾನ ಆಯ್ತು. ಮ್ಯಾಥ್‌ಓವರ್‌ಫ್ಲೋ ಕೊನೆಗೆ 2013ರಲ್ಲಿ ಸ್ಟ್ಯಾಕ್ ಎಕ್ಸ್‌ಚೇಂಜ್ ಜಾಲಕ್ಕೆ ಸೇರಿಕೊಂಡಿತು. ಬಯೋಸ್ಟಾರ್ ತನ್ನದೇ ಸಾಫ್ಟ್‌ವೇರ್ ಬರೆದುಕೊಂಡಿತು. ಎರಡೂ ಇವತ್ತಿಗೂ ಇವೆ.

ಈಗ ಆಸ್ಕ್‌ಬಾಟ್ ಕಥೆ. ಸಿಎನ್‌ಪ್ರಾಗ್ ಅನ್ನುವ ತಾಣದ ಕೋಡಿನಿಂದ ಓಎಸ್‌ಕ್ಯೂಎ, ಆಸ್ಕ್‌ಬಾಟ್ ಎರಡೂ ಹುಟ್ಟಿದವು. ಆಸ್ಕ್‌ಬಾಟ್ ಬಹಳ ವರ್ಷ ಓಪನ್ ಸೋರ್ಸ್ ಗುಂಪುಗಳ ಮೆಚ್ಚಿನದ್ದಾಗಿತ್ತು. ಆಮೇಲೆ ಒಬ್ಬೊಬ್ಬರೇ ಹೊರಟರು. ಲಿನಕ್ಸ್‌ನ ಫೆಡೋರಾದವರು 2019ರಲ್ಲಿ ಡಿಸ್ಕೋರ್ಸ್‌ಗೆ, ಕಚೇರಿ ಸಾಫ್ಟ್‌ವೇರ್ ಲಿಬ್ರೆ ಆಫೀಸ್‌ನವರು 2021ರಲ್ಲಿ ಡಿಸ್ಕೋರ್ಸ್‌ಗೆ, ರೋಬೋಟ್ ಸಾಫ್ಟ್‌ವೇರ್‌ನ ಆರ್‌ಒಎಸ್ ಗುಂಪಿನವರು 2023ರಲ್ಲಿ ಸ್ಟ್ಯಾಕ್ ಎಕ್ಸ್‌ಚೇಂಜ್‌ಗೆ. ಇವರು ಯಾರೂ ಮೊದಲೇ ತಪ್ಪು ಆರಿಸಿರಲಿಲ್ಲ. ಆರಿಸಿದಾಗ ಅದು ಒಳ್ಳೇ ಆಯ್ಕೆಯೇ ಆಗಿತ್ತು. ಹತ್ತು ವರ್ಷದಲ್ಲಿ ಕಾಲ ಬದಲಾಯ್ತು, ಅಷ್ಟೇ. ಡೇಟಾಬೇಸ್ ಕೈಲೇ ಇದ್ದರೆ ಹೀಗೆ ಹೊರಡಲು ಆಗುತ್ತದೆ.

ಕೈಲಿ ಇಲ್ಲದಿದ್ದರೆ? ಯಾಹೂ ಆನ್ಸರ್ಸ್ 2005ರಿಂದ ಇತ್ತು. 2021ರ ಏಪ್ರಿಲ್ 20ಕ್ಕೆ ಹೊಸ ಪ್ರಶ್ನೆ-ಉತ್ತರ ನಿಂತಿತು, ಮೇ 4ಕ್ಕೆ ಇಡೀ ತಾಣವೇ ಮುಚ್ಚಿತು. ಬಳಕೆದಾರರು ತಾವು ಬರೆದದ್ದನ್ನು ಮಾತ್ರ ಕೇಳಿ ಪಡೆಯಬಹುದಿತ್ತು. ನೀವು ಕೇಳಿದ ಪ್ರಶ್ನೆಗೆ ಬೇರೆಯವರು ಕೊಟ್ಟ ಉತ್ತರ ನಿಮ್ಮದಲ್ಲವಲ್ಲ!

ಹಾಗಾಗಿ ಎರಡು ವಾರದ ಪ್ರಯೋಗದ ಕೊನೇ ದಿನ ಹೀಗೆ ಮಾಡಿ. ಬ್ಯಾಕಪ್ ತೆಗೆದುಕೊಳ್ಳಿ. ಸರ್ವರನ್ನು ಅಳಿಸಿಬಿಡಿ. ಹೌದು, ಪೂರ್ತಿ. ಬೇರೆ ಸರ್ವರ್‌ನಲ್ಲಿ ಆ ಬ್ಯಾಕಪ್‌ನಿಂದ ತಾಣವನ್ನು ಎಬ್ಬಿಸಿ. ಬಾಡಿಗೆ ಸೇವೆ ಆದರೆ ಪೂರ್ತಿ ಡೇಟಾ ಕೊಡಿ ಅಂತ ಕೇಳಿ, ಏನು ಸಿಗುತ್ತದೆ ತೆರೆದು ನೋಡಿ. ಪ್ರಶ್ನೆ ಮತ್ತು ಉತ್ತರ ಇದ್ದು, ಯಾರು ಯಾವಾಗ ಬರೆದರು, ಯಾವುದಕ್ಕೆ ಎಷ್ಟು ಓಟು ಬಿತ್ತು ಅನ್ನುವುದು ಇಲ್ಲದಿದ್ದರೆ ಅದು ಅರ್ಧ ಡೇಟಾ.

ಅಳಿಸಿ ಎಬ್ಬಿಸಿ ಅಂತ ಯಾಕೆ ಹೇಳುತ್ತೇನೆ ಅಂದರೆ, ನಮ್ಮ ತಾಣದ ಬ್ಯಾಕಪ್ ಪ್ರತಿ ರಾತ್ರಿ ತಪ್ಪದೆ ಆಗುತ್ತಿತ್ತು. ಅದನ್ನು ತೆರೆದು ನೋಡುವ ದಿನ ಬಂದಾಗ ಗೊತ್ತಾಯ್ತು, ಅದರಲ್ಲಿದ್ದದ್ದು ಡೇಟಾಬೇಸ್ ಮಾತ್ರ. ಫೋಟೋಗಳು ಅಪ್‌ಲೋಡ್ ಫೋಲ್ಡರ್‌ನಲ್ಲಿದ್ದವು, ಆ ಫೋಲ್ಡರನ್ನು ನಾನು ಪಟ್ಟಿಗೆ ಸೇರಿಸಿಯೇ ಇರಲಿಲ್ಲ. ಪ್ರಶ್ನೆಗಳು ವಾಪಸ್ ಬಂದವು. "ಈ ಎಲೆ ನೋಡಿ, ಏನಾಗಿದೆ?" ಅಂತ ಸಾಲು ಸಾಲು ಪ್ರಶ್ನೆ. ಕೆಳಗೆ ಒಡೆದ ಚಿತ್ರದ ಗುರುತು. ಡೇಟಾಬೇಸ್, ಅಪ್‌ಲೋಡ್ ಫೋಲ್ಡರ್, ಕಾನ್ಫಿಗ್ (ಸೆಟ್ಟಿಂಗ್‌ಗಳ) ಫೈಲ್ ಮೂರೂ ಬೇಕು. ಮೂರೂ ಬೇರೆ ಕಂಪನಿಯ ಜಾಗದಲ್ಲಿ ಇರಬೇಕು.

ಡೇಟಾ ಹೊತ್ತೊಯ್ಯಲು ಆಗುವುದು ಬೇರೆ, ಹೊತ್ತೊಯ್ಯುವ ಹಕ್ಕು ಇರುವುದು ಬೇರೆ. ಉತ್ತರ ಬರೆದವರು ಅದರ ಒಡೆಯರು. ಯಾವ ಲೈಸೆನ್ಸ್ ಕೆಳಗೆ ಬರೆಯುತ್ತಿದ್ದಾರೆ ಅಂತ ಮೊದಲ ಪ್ರಶ್ನೆಗಿಂತ ಮುಂಚೆಯೇ ಹೇಳಿ. ಸ್ಟ್ಯಾಕ್ ಎಕ್ಸ್‌ಚೇಂಜ್ ಬಳಸುವುದು ಕ್ರಿಯೇಟಿವ್ ಕಾಮನ್ಸ್‌ನ ಬೈ-ಎಸ್‌ಎ. ಬರೆದವರ ಹೆಸರು ಹಾಕಬೇಕು, ಅದೇ ಲೈಸೆನ್ಸ್‌ನಲ್ಲೇ ಮುಂದೆ ಹಂಚಬೇಕು. ನಿಮಗೆ ಬೇರೆ ಕಾರಣ ಇಲ್ಲದಿದ್ದರೆ ಅದನ್ನೇ ಇಟ್ಟುಕೊಳ್ಳಿ. ಮೂರು ವರ್ಷ ಆದ ಮೇಲೆ ಲೈಸೆನ್ಸ್ ಹಾಕುತ್ತೇವೆ ಅಂದರೆ ಎಲ್ಲರನ್ನೂ ಹುಡುಕಿ ಒಪ್ಪಿಗೆ ಕೇಳಬೇಕು. ಅರ್ಧ ಜನರ ಮೇಲ್ ವಿಳಾಸವೇ ಬದಲಾಗಿರುತ್ತದೆ.

ಹಂತ 8: ಈಗ ಆರಿಸಿ, ಕೀಲಿ ಹಂಚಿ

ಹಂತ 7ರಲ್ಲಿ ಎದ್ದು ನಿಂತದ್ದು ಒಂದೇ ಆದರೆ ಅದನ್ನೇ ತಗೊಳ್ಳಿ. ಎರಡೂ ನಿಂತರೆ, ಆ ಐದು ಜನರಲ್ಲಿ ಹಿಂಜರಿಯುತ್ತಿದ್ದ ಇಬ್ಬರು ಯಾವುದರಲ್ಲಿ ಕಡಿಮೆ ತಡವರಿಸಿದರೋ ಅದು. ಬ್ಯಾಡ್ಜ್‌ಗಳಿಗಾಗಿ ಮತ್ತೆ ಎರಡು ವಾರ ಕಳೆಯಬೇಡಿ.

ತೆರೆಯುವ ಮುಂಚೆ ವಿಳಾಸದ ರೂಪ ಗಟ್ಟಿ ಮಾಡಿಕೊಳ್ಳಿ, ಆಮೇಲೆ ಬದಲಾಯಿಸಿದರೆ ಜನ ಹಂಚಿದ ಲಿಂಕ್ ಎಲ್ಲ ಮುರಿಯುತ್ತವೆ. ಪುಟದಲ್ಲಿ ಸರ್ಚ್ ಎಂಜಿನ್‌ಗೆ "ಇದು ಪ್ರಶ್ನೆ, ಇದು ಉತ್ತರ" ಅಂತ ತಿಳಿಸುವ ಕ್ಯೂಎ ಪೇಜ್ ಗುರುತು ಇದೆಯಾ ನೋಡಿ. ಇಲ್ಲದಿದ್ದರೆ ಅದಕ್ಕೊಂದು ಪ್ಲಗಿನ್ ಹುಡುಕಿ. 20 ಪ್ರಶ್ನೆಗಳು ಉತ್ತರದ ಸಮೇತ ಮೊದಲೇ ಒಳಗಿರಲಿ. ಖಾಲಿ ತಾಣದಲ್ಲಿ ಮೊದಲು ಕೇಳಲು ಎಲ್ಲರಿಗೂ ಸಂಕೋಚ.

ಆಮೇಲೆ ಒಂದು ಪುಟ ಬರೆಯಿರಿ. ಡೊಮೇನ್ ಯಾರ ಹೆಸರಲ್ಲಿದೆ, ಯಾವ ತಾರೀಕಿಗೆ ನವೀಕರಿಸಬೇಕು, ಸರ್ವರ್ ಎಲ್ಲಿದೆ, ಮೇಲ್ ಸೇವೆ ಯಾವುದು, ಬ್ಯಾಕಪ್ ಎಲ್ಲಿಗೆ ಹೋಗುತ್ತದೆ, ಅದನ್ನು ವಾಪಸ್ ಎಬ್ಬಿಸಲು ಏನು ಮಾಡಬೇಕು. ಸಾಧ್ಯವಾದರೆ ಡೊಮೇನ್ ಒಬ್ಬರ ಸ್ವಂತ ಖಾತೆಯಲ್ಲಿ ಬೇಡ, ಗುಂಪಿನ ಖಾತೆಯಲ್ಲಿ ಇರಲಿ. ಆ ಪುಟ ಇಬ್ಬರ ಹತ್ತಿರ ಇರಲಿ, ಪಾಸ್‌ವರ್ಡ್‌ಗಳೂ ಇಬ್ಬರ ಹತ್ತಿರ ಇರಲಿ. ಆರು ತಿಂಗಳಿಗೊಮ್ಮೆ ಎರಡನೆಯವರಿಗೆ ಪುಟ ಕೊಟ್ಟು, ನೀವು ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂತು, ಅವರ ಕೈಲೇ ಬ್ಯಾಕಪ್‌ನಿಂದ ತಾಣ ಎಬ್ಬಿಸಿ. ಎಲ್ಲಿ ನಿಮ್ಮನ್ನು ಕೇಳಬೇಕಾಯ್ತೋ ಆ ಸಾಲನ್ನು ಪುಟದಲ್ಲಿ ತಿದ್ದಿ.